ಟೇಲರ್ ಸಾಹೇಬರ ಮಾವ

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದವರಿಗೆ ಊರಿನವರು ಗುಡ್ಡದ ಮೇಲಿನ ಒಂದು ಬಂಗಲೆಯನ್ನು ತೋರಿಸದೆ ಬಿಡುವುದಿಲ್ಲ. ಅದೇ ಟೇಲರ್ ಮಂಜಿಲ್. ಠಕ್ಕರ ಕಥೆ ಬರೆದು 1839ರಲ್ಲಿ ಇಂಗ್ಲೆಂಡನ್ನೇ ಬೆಚ್ಚಿಬೀಳಿಸಿದ ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ ಬಾಳಿದ ಮನೆ. ಟೇಲರನ ಹೆಸರು ಬಲ್ಲವರು ಬಹಳ. ಆದರೆ ಅವನಿಗೆ ಹೆಣ್ಣು ಕೊಟ್ಟ ಮಾವನ ಬಾಳು ಯಾವ ಕಾದಂಬರಿಗೂ ಕಡಿಮೆಯದಲ್ಲವೆಂಬುದನ್ನು ಬಲ್ಲವರು ವಿರಳ.

ಆತನೇ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್. ಹುಟ್ಟಿದ್ದು 1780ರಲ್ಲಿ. ತಂದೆ ಕಂಪನಿಯ ಸೇನಾಧಿಕಾರಿ ಜನರಲ್ ಪಾಮರ್. ತಾಯಿ ಕುಲೀನ ಮುಸ್ಲಿಂ ಮನೆತನದ ಫೈಜ್ ಬಖ್ಷ್ ಬೇಗಂ. ಮಗ ಇಂಗ್ಲೆಂಡಿನಲ್ಲಿ ಓದಿ, ಮರಳಿ ಬಂದು ನಿಜಾಮನ ಸೈನ್ಯ ಸೇರಿದನು. ಆದರೆ ಕತ್ತಿಗಿಂತ ಥೈಲಿಗೆ ಬಲ ಹೆಚ್ಚೆಂಬುದು ಅವನಿಗೆ ಬೇಗನೆ ತಿಳಿಯಿತು. ಸೈನ್ಯವನ್ನು ಬಿಟ್ಟು ‘ವಿಲಿಯಂ ಪಾಮರ್ ಅಂಡ್ ಕಂಪನಿ’ ಎಂಬ ಕೋಠಿಯನ್ನು ತೆರೆದನು.

ನಿಜಾಮನ ಬೊಕ್ಕಸ ಆಗ ಬರಿದು. ದಿವಾನ ಚಂದೂಲಾಲನಿಗೆ ಸೈನ್ಯದ ಸಂಬಳಕ್ಕೂ ಸಾಲವೇ ಗತಿ. ದೇಶೀ ರಾಜರಿಗೆ ಇಂಗ್ಲಿಷರು ಸಾಲ ಕೊಡಬಾರದೆಂದು 1797ರ ಕಾನೂನು ತಡೆದಿತ್ತು. ಆದರೂ 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವಿನ ಅಪ್ಪಣೆ ಪಾಮರನಿಗೆ ದೊರೆಯಿತು. ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದ ಕನ್ಯೆಯನ್ನು ವರಿಸಿದ ಸರ್ ವಿಲಿಯಂ ರಂಬೋಲ್ಡ್ ಕೋಠಿಯ ಪಾಲುದಾರನಾಗಿದ್ದನೆಂದರೆ, ಅಪ್ಪಣೆಯ ಮರ್ಮವನ್ನು ವಾಚಕರೇ ಊಹಿಸಬಹುದು!

1820ರಲ್ಲಿ ಕೋಠಿ ನಿಜಾಮ ಸರಕಾರಕ್ಕೆ 60 ಲಕ್ಷ ರೂಪಾಯಿಯ ಸಾಲವನ್ನು ಬರೆದುಕೊಟ್ಟಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಲೆಕ್ಕದ ಪುಸ್ತಕಗಳನ್ನು ಕೆದಕಿದನು. ಅದರಲ್ಲಿ 8 ಲಕ್ಷ ಪಾಲುದಾರರಿಗೆ ಇನಾಮಾಗಿ ಸೇರಿತೆಂಬುದು ಅವನ ಆರೋಪ. ಕಲ್ಕತ್ತೆಯಿಂದ ಲಂಡನ್ನಿನವರೆಗೆ ಕೋಲಾಹಲವೆದ್ದಿತು. ಕಡೆಗೆ ಸಾಲ ತೀರಿಸಲು ನಿಜಾಮನು ಉತ್ತರ ಸರ್ಕಾರುಗಳಿಂದ ವರ್ಷಂಪ್ರತಿ ಬರುತ್ತಿದ್ದ 7 ಲಕ್ಷದ ಪೇಷ್ಕಷನ್ನು 1823ರಲ್ಲಿ ಶಾಶ್ವತವಾಗಿ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಮರುವರ್ಷವೇ ಕೋಠಿಯೂ ದಿವಾಳಿಯೆದ್ದಿತು.

ಊರಿಗೇ ಸಾಲ ಕೊಟ್ಟವನು ತಾನೇ ಸಾಲಗಾರನಾದನು. ಆದರೆ ಪಾಮರ್ ಊರು ಬಿಟ್ಟು ಓಡಲಿಲ್ಲ. ತಾಯಿ 1828ರಲ್ಲಿ ತೀರಿಕೊಂಡಳು. ಕಲ್ಕತ್ತೆಯಲ್ಲಿ ವರ್ತಕಶ್ರೇಷ್ಠನೆನಿಸಿದ್ದ ಮಲಸೋದರ ಜಾನನ ವ್ಯಾಪಾರವೂ 1830ರಲ್ಲಿ ಮುಳುಗಿತು. ಎಲ್ಲವನ್ನೂ ಸಹಿಸಿ ಪಾಮರ್ ಹೈದರಾಬಾದಿನಲ್ಲಿಯೇ ಉಳಿದನು. ನಿಜಾಮನ ಸೇವೆಯಲ್ಲಿದ್ದ ತರುಣ ಟೇಲರ್ ಆತನ ಮಗಳು ಮೇರಿಯ ಕೈ ಹಿಡಿದನು. ಲೋಕ ದೂರಿದ ಮಾವನನ್ನು ಅಳಿಯ ಕಡೆಯವರೆಗೂ ಗೌರವದಿಂದಲೇ ಕಂಡನು.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ವಿಧಿಯು ಅವನೆದುರು ಇಟ್ಟದ್ದೂ ಸಾಲದ ಲೆಕ್ಕವನ್ನೇ! ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನ ಆಡಳಿತದಲ್ಲಿ ಬೊಕ್ಕಸ ಬರಿದಾಗಿತ್ತು, ಕಪ್ಪ ಬಾಕಿ ಬಿದ್ದಿತ್ತು. ಮಾವ ಸಂಸ್ಥಾನಕ್ಕೆ ಸಾಲ ಕೊಟ್ಟು ಕೆಟ್ಟಿದ್ದನು. ಅಳಿಯ ಸಂಸ್ಥಾನದ ಸಾಲ ತೀರಿಸಲು ಕುಳಿತನು. ಕಂದಾಯ ಸರಿಪಡಿಸಿದನು; ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದನು. 1844ರಲ್ಲಿ ಮೇರಿ ತೀರಿಕೊಂಡ ಮೇಲೂ ಅವನು ಸುರಪುರವನ್ನು ಬಿಡಲಿಲ್ಲ. ಬಾಲರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರ್ ನಳದುರ್ಗಕ್ಕೆ ತೆರಳಿದನು.

ಆ ರಾಜನೇ 1858ರಲ್ಲಿ ಕಂಪನಿಯ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಗುಂಡಿಗೆ ಬಲಿಯಾದನು. ಎರಡು ವರ್ಷಗಳ ತರುವಾಯ ಟೇಲರ್ ಇಂಡಿಯವನ್ನು ಬಿಟ್ಟನು. ವೃದ್ಧ ಪಾಮರ್ ಮಾತ್ರ ತನ್ನ ಏಳುಬೀಳುಗಳನ್ನು ಕಂಡ ಹೈದರಾಬಾದಿನಲ್ಲಿಯೇ ಇದ್ದು, 1867ರಲ್ಲಿ, 87ನೆಯ ವಯಸ್ಸಿನಲ್ಲಿ, ಕಣ್ಣು ಮುಚ್ಚಿದನು. ಆತನ ಕೋಠಿ ಅಳಿದು ಹೋಯಿತು. ಅಳಿಯ ಅಭಿವೃದ್ಧಿಪಡಿಸಿದ ಬೋನಾಳದ ಕೆರೆಗೆ ಹಕ್ಕಿಗಳ ಹಿಂಡು ಇಂದಿಗೂ ಬರುತ್ತಿದೆ.