ಮೀನಿನ ತೊಟ್ಟಿಗೆ ಬೆಳಕು ಬಂದ ದಾರಿ

ಹಾನಗಲ್ಲಿನ ಆನೆಕೆರೆಯಿರಲಿ, ಹಿರೇಕೆರೂರಿನ ದುರ್ಗಾದೇವಿ ಕೆರೆಯಿರಲಿ, ಮೀನಿಗೆ ಬೆಳಕು ಇಳಿಯುವುದು ನೆತ್ತಿಯ ಮೇಲಿಂದ. ಶಿಗ್ಗಾವಿ, ಸವಣೂರಿನ ಪಡಸಾಲೆಗಳಲ್ಲಿ ಕೂತ ಗಾಜಿನ ತೊಟ್ಟಿಗೂ ಅದೇ ಬೆಳಕನ್ನು ಹದವಾಗಿ ಒದಗಿಸುವುದನ್ನು ಕಲಿಯಲು ಹತ್ತಿರ ಹತ್ತಿರ ಒಂದೂವರೆ ಶತಮಾನ ಹಿಡಿಯಿತು.

ಮೀನಿನ ಮೇಲಿನ ಅಕ್ಕರೆ ಈ ಸೀಮೆಗೆ ಹೊಸದಲ್ಲ. ಹಾನಗಲ್ ಕದಂಬರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಬಗೆಗಳು, ಅವುಗಳ ಮೇವು, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲುಂಟು. ಅದು ಬಯಲ ನೀರಿನ ಮಾತಾದ್ದರಿಂದ ಬೆಳಕಿನ ಚಿಂತೆ ಬೇಕಿರಲಿಲ್ಲ.

ಚಿಂತೆ ಶುರುವಾದದ್ದು ನೀರು ಗಾಜಿನೊಳಗೆ ಬಂದಮೇಲೆ. 1850ರಲ್ಲಿ ಲಂಡನ್ನಿನ ರಸಾಯನತಜ್ಞ ರಾಬರ್ಟ್ ವಾರಿಂಗ್‌ಟನ್ ಗೋಲ್ಡ್‌ಫಿಶ್, ಬಸವನಹುಳು ಮತ್ತು ವ್ಯಾಲಿಸ್ನೇರಿಯಾ ಗಿಡವನ್ನು ಒಂದೇ ಪಾತ್ರೆಯಲ್ಲಿ ಬದುಕಿಸಿ ತೋರಿಸಿದ. ಗಿಡ ಆಮ್ಲಜನಕ ಕೊಡಬೇಕಾದರೆ ಬೆಳಕು ಬೇಕೇ ಬೇಕು. ಹಾಗಾಗಿ ಜನ ತೊಟ್ಟಿಯನ್ನು ಕಿಟಕಿಗೆ ಒರಗಿಸಿದರು. ಪಕ್ಕದಿಂದ ಬಿದ್ದ ಬಿಸಿಲಿಗೆ ನೀರು ಕಾಯ್ದಿತು, ಗಾಜು ಪಾಚಿಗಟ್ಟಿತು. ಮೀನಿಗೂ ಅದು ಒಗ್ಗದು: ಬೆನ್ನನ್ನು ಬೆಳಕಿನತ್ತ ಇಟ್ಟುಕೊಳ್ಳುವುದು ಅದರ ಹುಟ್ಟುಗುಣ. ಬೆಳಕು ಒಂದೇ ಪಕ್ಕದಿಂದ ಬಂದರೆ ಹಲವು ಮೀನುಗಳು ಆ ಕಡೆಗೆ ವಾಲಿ ಈಜುತ್ತವೆ.

ವಿದ್ಯುತ್ ಬಂದಮೇಲೆ ಬಲ್ಬು ಮುಚ್ಚಳಕ್ಕೇರಿತು. ಆದರೆ ತಂತಿ ಬಲ್ಬು ಉಣ್ಣುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಶಾಖವೇ. 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟ್ಯೂಬ್‌ಲೈಟ್ ಈ ಕಷ್ಟವನ್ನು ಕಳೆಯಿತು. ಉದ್ದನೆಯ ತೊಟ್ಟಿಗೆ ಉದ್ದನೆಯ, ತಂಪಾದ ಬೆಳಕು. ಆಮೇಲಿನ ತಿರುವು ಎಲ್‌ಇಡಿ. 1990ರ ದಶಕದ ಮೊದಲಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾದ ಬಳಿಕವೇ ಬಿಳಿ ಎಲ್‌ಇಡಿ ದೀಪ ಕೈಗೆಟುಕಿದ್ದು. ಆ ಸಾಧನೆಗೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು.

ದೀಪ ಬದಲಾದಂತೆ ಅದನ್ನಿಡುವ ಜಾಗದ ಲೆಕ್ಕವೂ ಬದಲಾಯಿತು. ಒಂದೇ ದೀಪದ ಪಟ್ಟಿ ಇದ್ದರೆ ಮುಂದಿನ ಗಾಜಿನ ಹತ್ತಿರ ಇಡುವುದು ಮೇಲು. ಮೀನಿನ ನಮ್ಮ ಕಡೆಯ ಮೈ ಬೆಳಗಿ ಬಣ್ಣ ಎದ್ದು ಕಾಣುತ್ತದೆ. ಹಿಂದೆ ಇಟ್ಟರೆ ಗಿಡ ಬೆಳಗುತ್ತದೆ, ಮೀನು ನೆರಳಾಗುತ್ತದೆ. ಗಿಡ ದಟ್ಟವಾಗಿದ್ದರೆ ಮುಂದೊಂದು, ಹಿಂದೊಂದು ಎರಡು ಪಟ್ಟಿ ಬೇಕು. ಒಂದೇ ಬಿಂದುವಿನಿಂದ ಬೆಳಗುವ ಸ್ಪಾಟ್ ದೀಪ ತಳದ ಮರಳಿನ ಮೇಲೆ ಅಲೆಗಳ ಮಿನುಗನ್ನು ಕುಣಿಸುತ್ತದೆ. ಟ್ಯೂಬಿನ ಹರಡಿದ ಬೆಳಕಿನಲ್ಲಿ ಆ ಕುಣಿತ ಕಾಣದು. ದೀಪವನ್ನು ಎತ್ತರಿಸಿದಷ್ಟೂ ಬೆಳಕು ಅಗಲವಾಗಿ ಹರಡುತ್ತದೆ, ತೀವ್ರತೆ ಇಳಿಯುತ್ತದೆ.

ಎಲ್ಲ ಗಿಡಕ್ಕೂ ಒಂದೇ ಅಳತೆಯ ಬೆಳಕು ಸಲ್ಲದು. ಸವಣೂರಿನ ಎಲೆತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲೆಬಳ್ಳಿಗೆ ಮರದ ನೆರಳು ಸೋಸಿ ಕೊಟ್ಟ ಬಿಸಿಲೇ ಹಿತ. ತೊಟ್ಟಿಯ ಗಿಡಗಳಾದ ಅನೂಬಿಯಾಸ್, ಜಾವಾ ಫರ್ನ್ ಕೂಡ ಮಂದ ಬೆಳಕಿನವು. ಅವನ್ನು ದೀಪದ ನೇರ ಕೆಳಗಿಟ್ಟರೆ ಎಲೆಯ ಮೇಲೆ ಪಾಚಿ ಕೂರುತ್ತದೆ.

ಬೋರ್‌ವೆಲ್ ನೀರಿನ ಗಡಸು ಮುಚ್ಚಳದ ಗಾಜಿನ ಮೇಲೆ ಬಿಳಿ ಪದರ ಕಟ್ಟಿ ಬೆಳಕನ್ನು ತಡೆಯುತ್ತದೆ, ಆಗಾಗ ಒರೆಸಬೇಕು. ವೈರನ್ನು ಸಾಕೆಟ್ಟಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ಒಯ್ದರೆ ಹನಿ ನೀರು ಪ್ಲಗ್ಗಿಗೆ ಹರಿಯುವುದಿಲ್ಲ.

ಇಷ್ಟೆಲ್ಲ ದೀಪಗಳು ಬಂದದ್ದರಿಂದ ತೊಟ್ಟಿಯನ್ನು ಹಗಲುರಾತ್ರಿ ಬೆಳಗಿಸುವ ಆಸೆಯೂ ಬೆಳೆದಿದೆ. ಮೀನಿಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲ. ಕತ್ತಲೆಯೇ ಅದರ ವಿಶ್ರಾಂತಿ. ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು. ಕೆರೆಯ ಮೀನಿಗಿರುವ ರಾತ್ರಿಯ ಹಕ್ಕು ನಮ್ಮ ಮನೆಯ ಮೀನಿಗೂ ಇರಬೇಕು.