ನಿಮಗಿದು ಗೊತ್ತೆ? ದಸರೆಗೆ ಹೊರಟ ಜಮೀನುದಾರರು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿಗೆ ಹೋಗುತ್ತಿದ್ದವರಲ್ಲಿ ಬಹಳಷ್ಟು ಮಂದಿ ದೊಡ್ಡ ಜಮೀನುದಾರರು. ಸಂಬಳವಿಲ್ಲದ ಕೆಲಸ ಅದು. ಅಲ್ಲಿನ ಸದಸ್ಯರಿಗೆ ಸಂಬಳ ಬಂದದ್ದೇ 1911ರಲ್ಲಿ.

ವಿಕ್ಟೋರಿಯಾ ರಾಣಿಯ ಕಾಲದಲ್ಲೇ ನಮ್ಮ ಶಿವಮೊಗ್ಗದ ಕಡೆಯ ಜಮೀನುದಾರರಿಗೂ ರಾಜಕೀಯದ ಬಾಗಿಲು ತೆರೆಯಿತು. ದಿವಾನ್ ಸಿ. ರಂಗಾಚಾರ್ಲು ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, ಮೊದಲ ಬಾರಿ ಸೇರಿತು. ಸದಸ್ಯರು 144. ತಾಲ್ಲೂಕಿಗೆ ಒಬ್ಬಿಬ್ಬರು ಸಾಗುವಳಿ ಜಮೀನುದಾರರು, ಜೊತೆಗೆ ಜಿಲ್ಲೆಯ ಕೆಲವು ವರ್ತಕರು.

ಸಭೆಗೆಂದು ಮೈಸೂರಿಗೆ ಹೋಗುವುದಾದರೂ ಹೇಗೆ? ಬೀರೂರು–ಶಿವಮೊಗ್ಗ ರೈಲು ಬಂದದ್ದು 1899ರಲ್ಲಿ. ಅಲ್ಲಿಯವರೆಗೆ ಊರು ಬಿಡಬೇಕಾದರೆ ಎತ್ತಿನ ಗಾಡಿ, ಮಳೆಗಾಲ ಮುಗಿದೂ ಮುಗಿಯದ ಕೆಸರು ದಾರಿ.

ಸಭೆಯಲ್ಲಿ ಅವರು ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಅಧಿಕಾರವಿರಲಿಲ್ಲ. 1891ರಲ್ಲಿ ಚುನಾವಣೆ ಬಂದಾಗಲೂ ಮತ ಹಾಕಲು ಆಸ್ತಿ, ಕಂದಾಯ ಅಥವಾ ವಿದ್ಯೆಯ ಅರ್ಹತೆ ಬೇಕಿತ್ತು. ಗೇಣಿದಾರನ ಮಾತು ಹೇಳುವವರು ಅಲ್ಲಿರಲಿಲ್ಲ, ಇದು ಸಭೆಯ ದೊಡ್ಡ ಕೊರತೆ. ಆ ದನಿ ಜೋರಾಗಿ ಕೇಳಿದ್ದು 1951ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಲ್ಲಿ. ಆದರೂ ದೇಶೀ ಸಂಸ್ಥಾನವೊಂದರಲ್ಲಿ ರೈತಾಪಿ ಜನರನ್ನು ಕರೆಸಿ ಆಡಳಿತದ ಲೆಕ್ಕ ಒಪ್ಪಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ನಿಮ್ಮ ಹಳೇ ಮನೆಯ ಅಟ್ಟದಲ್ಲಿ ಆಗಿನ ಕಂದಾಯದ ರಸೀದಿ, ಸಭೆಯ ಕಾಗದಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.