ಒಂದು ಚಾಕೊಲೇಟ್ ಮನೆತನದ ಕಥೆ

ಅಡಿಕೆ ಮರದ ನೆರಳಿನಲ್ಲಿ ಬೆಳೆದ ಕೊಕ್ಕೊ ಕಾಯಿಯನ್ನು ಒಡೆದು ಬೀಜ ಮಾರಿದಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆ ಬೀಜವನ್ನೇ ನಂಬಿ ಬಾಳಿದ ಒಂದು ಮನೆತನದ ಕಥೆಯನ್ನು ಬೆಳೆಗಾರ ಬಂಧುಗಳು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಕ್ಯಾಡ್ಬರಿ ಎಂಬವರು 1824ರಲ್ಲಿ ಅಂಗಡಿಯೊಂದನ್ನು ತೆರೆದರು. ಚಹಾ, ಕಾಫಿಗಳೊಡನೆ ಕುಡಿಯುವ ಕೊಕ್ಕೊವನ್ನೂ ಮಾರುತ್ತಿದ್ದರು. ಅವರು ಮದ್ಯಪಾನ ವಿರೋಧಿಗಳು. ಹೆಂಡದ ಬದಲು ಜನರು ಇವನ್ನು ಕುಡಿಯಲಿ ಎಂಬುದು ಅವರ ಆಶಯ. 1831ರಲ್ಲಿ ತಾವೇ ಕೊಕ್ಕೊ ತಯಾರಿಸತೊಡಗಿದರು.

1861ರಲ್ಲಿ ವ್ಯವಹಾರ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ಅವರ ಕೈಗೆ ಬಂದಾಗ ಅದು ಮುಚ್ಚುವ ಸ್ಥಿತಿಯಲ್ಲಿತ್ತು. ಸಹೋದರರು ತಾಯಿಯಿಂದ ಬಂದ ತಲಾ 4,000 ಪೌಂಡುಗಳನ್ನು ಅದರಲ್ಲೇ ತೊಡಗಿಸಿದರು. ಮೊದಲ ವರ್ಷಗಳಲ್ಲಿ ನಷ್ಟವೇ ಆಯಿತು.

ಅವರನ್ನು ಉಳಿಸಿದ್ದು ಯಾವುದು? ಕೊಕ್ಕೊ ಬೀಜದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು ಇರುತ್ತದೆ. ಬಿಸಿನೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ. ಇದನ್ನು ಹೀರಲೆಂದು ಆಗಿನ ತಯಾರಕರು ಆಲೂಗಡ್ಡೆ ಹಿಟ್ಟು, ಸಾಬಕ್ಕಿ ಹಿಟ್ಟು ಬೆರೆಸುತ್ತಿದ್ದರು. ಸಹೋದರರು ಹಾಲೆಂಡಿನಿಂದ ಕೊಬ್ಬು ಹಿಂಡುವ ಯಂತ್ರವನ್ನು ತರಿಸಿ, 1866ರಲ್ಲಿ ಬೆರಕೆಯಿಲ್ಲದ ಕೊಕ್ಕೊ ಪುಡಿಯನ್ನು ಮಾರಾಟಕ್ಕೆ ತಂದರು. ಆಹಾರದ ಕಲಬೆರಕೆಗೆ ಜನ ಬೇಸತ್ತಿದ್ದ ಕಾಲವದು. ಶುದ್ಧತೆಯೇ ವ್ಯಾಪಾರವಾಯಿತು. ಹಿಂಡಿ ತೆಗೆದ ಬೆಣ್ಣೆಯಿಂದ ತಿನ್ನುವ ಚಾಕೊಲೇಟ್ ತಯಾರಾಯಿತು. 1879ರಲ್ಲಿ ಊರ ಹೊರಗೆ ಬೋರ್ನ್‌ವಿಲ್ಲಿನಲ್ಲಿ ಹೊಸ ಕಾರ್ಖಾನೆ ಎದ್ದಿತು. 1905ರಲ್ಲಿ ಡೈರಿ ಮಿಲ್ಕ್ ಬಂತು.

ಈ ಕಥೆಯಲ್ಲಿ ಕಪ್ಪು ಚುಕ್ಕೆಯೂ ಇದೆ. ಅವರು ಬೀಜ ಕೊಳ್ಳುತ್ತಿದ್ದ ಸಾವೊ ಟೋಮೆ ದ್ವೀಪದ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರಂತಿದ್ದರು. ವಿಷಯ ಕಿವಿಗೆ ಬಿದ್ದ ಮೇಲೂ ಕೆಲವು ವರ್ಷ ಖರೀದಿ ನಡೆದು, 1909ರಲ್ಲಿ ನಿಂತಿತು. ಬಳಿಕ ಅವರು ಇಂದಿನ ಘಾನಾ ದೇಶದ ಸಣ್ಣ ಬೆಳೆಗಾರರ ಬೀಜವನ್ನು ಅವಲಂಬಿಸಿದರು.

ಕಂಪೆನಿ 1969ರಲ್ಲಿ ಷ್ವೆಪ್ಸ್ ಜೊತೆ ವಿಲೀನವಾಯಿತು. 2010ರಲ್ಲಿ ಅಮೆರಿಕದ ಕ್ರಾಫ್ಟ್ ಅದನ್ನು ಕೊಂಡಿತು. ಹೊದಿಕೆಯ ಮೇಲೆ ಮನೆತನದ ಹೆಸರು ಉಳಿದಿದೆ, ಒಡೆತನ ಉಳಿದಿಲ್ಲ.

ನಮ್ಮಲ್ಲಿ 1980ರ ಸುಮಾರಿಗೆ ಧಾರಣೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ, ಹಲವರು ಕೊಕ್ಕೊ ಗಿಡಗಳನ್ನೇ ಕಡಿದರು. ಆಗ ಖರೀದಿಗೆ ಇಳಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಇಲ್ಲಿ ಒಡೆಯರು ಒಂದು ಮನೆತನವಲ್ಲ, ಬೆಳೆಗಾರ ಸದಸ್ಯರು.

ಆದರೆ ಶುದ್ಧತೆಯ ಪಾಠ ನಮಗೂ ಸಲ್ಲುತ್ತದೆ. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಬೀಜಕ್ಕೆ ಐದಾರು ದಿನ ಹುದುಗು ಬರಿಸುವಾಗ. ಅಲ್ಲಿ ತಪ್ಪಿದ್ದನ್ನು ಯಾವ ಯಂತ್ರವೂ ಸರಿಪಡಿಸಲಾರದು. ಆದ್ದರಿಂದ ಹಸಿ ಬೀಜ ಮಾರುವವರು ಮಾಗಿದ ಕಾಯಿಯನ್ನಷ್ಟೇ ಕೊಯ್ದು, ಸಿಪ್ಪೆಯ ಚೂರು ಸೇರದಂತೆ ಬೇಗನೆ ಸಾಗಿಸಬೇಕು. ಒಣ ಬೀಜ ಮಾರುವವರು ಬೂಷ್ಟು ಹಿಡಿಯದಂತೆ ಚೆನ್ನಾಗಿ ಒಣಗಿಸಬೇಕೆಂದು ಕೋರುತ್ತೇವೆ.